ಸಾಲಗಾರನಿಗೂ ಲೆಕ್ಕ ಕೇಳುವ ಹಕ್ಕಿದೆ

ಹಾಸನ ಜಿಲ್ಲೆಯ ಆಲೂಗೆಡ್ಡೆ ಬೆಳೆಗಾರನ ಕೈಗೆ ಒಂದಿಷ್ಟು ಹಣ ಬರುವುದು ಬೆಳೆ ಕಿತ್ತು ಮಾರಿದಾಗ. ಅದೂ ಅಂಗಮಾರಿ ರೋಗ ತಗಲದೆ, ಮಾರುಕಟ್ಟೆಯಲ್ಲಿ ಬೆಲೆ ನಿಂತರೆ ಮಾತ್ರ. ಆದರೆ ಆತನ ಪತ್ನಿ ಮಹಿಳೆಯರ ಗುಂಪಿನಲ್ಲಿ ಸೇರಿ ಪಡೆದ ಸಣ್ಣ ಸಾಲದ ಕಂತು ವಾರವಾರವೂ ಬಾಗಿಲಿಗೆ ಬಂದು ನಿಲ್ಲುತ್ತದೆ. ಅರಕಲಗೂಡಿನ ತಂಬಾಕು ಬೆಳೆಗಾರ, ಹೊಳೆನರಸೀಪುರದ ಭತ್ತದ ಗದ್ದೆಯ ಕೂಲಿಯಾಳು, ಚನ್ನರಾಯಪಟ್ಟಣದ ತೆಂಗಿನ ತೋಟದ ಕಾರ್ಮಿಕ ಎಲ್ಲರ ಪಾಡೂ ಇದುವೇ. ಆದಾಯಕ್ಕೆ ಋತುವಿದೆ, ಕಂತಿಗೆ ಋತುವಿಲ್ಲ.

2025ರ ಜನವರಿಯಲ್ಲಿ ಕಿರುಸಾಲ ಸಂಸ್ಥೆಗಳ ಕಿರುಕುಳದ ಸುದ್ದಿಗಳು ರಾಜ್ಯದ ಹಲವು ಜಿಲ್ಲೆಗಳಿಂದ ಬಂದವು. ಹಾವೇರಿ ಜಿಲ್ಲೆಯ ಮಹಿಳೆಯರು ತಮ್ಮ ಮಾಂಗಲ್ಯವನ್ನು ಉಳಿಸಿಕೊಡಿರೆಂದು ಮುಖ್ಯಮಂತ್ರಿಗಳಿಗೆ ಮಾಂಗಲ್ಯಸರಗಳನ್ನೇ ಅಂಚೆಯಲ್ಲಿ ಕಳುಹಿಸಿದರು. ಫೆಬ್ರವರಿ 12ರಂದು ರಾಜ್ಯಪಾಲರ ಅಂಕಿತ ಪಡೆದ ಸುಗ್ರೀವಾಜ್ಞೆಯು ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಿತು. ದೂರು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲವೆಂದಿತು. ಅನಂತರ ಶಾಸನಸಭೆಯು ಅದನ್ನು ಕಾಯ್ದೆಯಾಗಿಸಿತು. ಇದು ಸ್ವಾಗತಾರ್ಹ. ಆದರೆ ಶಿಕ್ಷೆಯ ಕಾನೂನು ಎಚ್ಚರಗೊಳ್ಳುವುದು ಅನಾಹುತ ಸಂಭವಿಸಿದ ಬಳಿಕ. ಅದಕ್ಕೆ ಮೊದಲು ಸಾಲಗಾರನ ಕೈಯಲ್ಲಿ ಏನಿದೆ?

ವಸೂಲಿಗಾರನ ಶಕ್ತಿ ಇರುವುದು ಆತನ ಏರುದನಿಯಲ್ಲಲ್ಲ, ಆತನ ಬಳಿಯಿರುವ ಮಾಹಿತಿಯಲ್ಲಿ. ಆಕೆಯ ಆಧಾರ್ ಪ್ರತಿ, ಭಾವಚಿತ್ರ, ಗಂಡನ ಮೊಬೈಲ್ ಸಂಖ್ಯೆ, ನೆರೆಹೊರೆಯವರ ಹೆಸರು, ಬಾಕಿಯ ಮೊತ್ತ ಎಲ್ಲವೂ ಆತನ ಬಳಿಯಿದೆ. ಆಕೆಯ ಬಳಿ ತನ್ನದೇ ಸಾಲದ ಲೆಕ್ಕವೂ ಇಲ್ಲ. ಕಟ್ಟಿದ ಕಂತು ಖಾತೆಗೆ ಜಮೆಯಾಗದಿರಬಹುದು, ತೀರಿಸಿದ ಸಾಲ ಬಾಕಿಯೆಂದೇ ಉಳಿದಿರಬಹುದು, ಆಕೆಯ ದಾಖಲೆ ಬಳಸಿ ಇನ್ನಾರೋ ಸಾಲ ಎತ್ತಿರಲೂಬಹುದು. ಒಂದು ಕಡೆ ಪೂರ್ಣ ಜ್ಞಾನ, ಇನ್ನೊಂದು ಕಡೆ ಪೂರ್ಣ ಅಜ್ಞಾನ. ಈ ಅಸಮಾನತೆಯಿಂದಲೇ ಭಯ ಹುಟ್ಟುತ್ತದೆ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ಸಾಲದ ಬರಹಕ್ಕೆ ಸಂಬಂಧಿಸಿದ್ದೆಂಬುದನ್ನು ನಾವು ಮದ್ರಸಾದಲ್ಲಿ ಓದಿದ್ದೇವೆ. ಸಾಲ ಸಣ್ಣದಿರಲಿ, ದೊಡ್ಡದಿರಲಿ, ಅವಧಿಯೊಂದಿಗೆ ಬರೆದಿಡಬೇಕೆಂಬುದು ಅದರ ಆದೇಶ. ಆದರೆ ಆ ಬರಹವನ್ನು ಹೇಳಿ ಬರೆಯಿಸಬೇಕಾದವನು ಯಾರು? ಸಾಲ ಕೊಟ್ಟವನಲ್ಲ, ಸಾಲದ ಹೊಣೆ ಹೊತ್ತವನು. ಎಂದರೆ ದಾಖಲೆ ಸಾಲಗಾರನ ಅರಿವಿನಿಂದಲೇ ಹೊರಡಬೇಕು. ಇಂದು ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಬರೆಯುವವನೂ ಓದುವವನೂ ಸಾಲ ಕೊಟ್ಟವನೇ. ಸಾಲ ಪಡೆದವಳದು ಬರಿಯ ಹೆಬ್ಬೆಟ್ಟು.

ಬ್ರಿಟನ್ನಿನಲ್ಲಿ ಯಾವುದೇ ಸಂಸ್ಥೆಯು ತನ್ನ ಬಗ್ಗೆ ಇಟ್ಟುಕೊಂಡಿರುವ ಮಾಹಿತಿಯ ಪ್ರತಿಯನ್ನು ವ್ಯಕ್ತಿಯೊಬ್ಬ ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ, ಶುಲ್ಕವಿಲ್ಲದೆ ನೀಡಬೇಕು. ಸಾಲ ವಸೂಲಿಗಾರರೂ ಇದಕ್ಕೆ ಹೊರತಲ್ಲ. ನಮ್ಮಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಹೊರಟದ್ದು 2025ರ ನವೆಂಬರಿನಲ್ಲಿ. ತನ್ನ ಮಾಹಿತಿಯನ್ನು ಕೇಳುವ, ತಿದ್ದಿಸುವ ಹಕ್ಕುಗಳು ಜಾರಿಗೆ ಬರಲು ಅದು ಗೊತ್ತುಪಡಿಸಿದ್ದು 18 ತಿಂಗಳ ನಂತರದ ದಿನವನ್ನು, ಎಂದರೆ 2027ರ ಮೇ ತಿಂಗಳನ್ನು. ಜೊತೆಗೆ 17ನೇ ಕಲಮು ಒಂದು ಕಿಂಡಿಯನ್ನು ತೆರೆದಿಟ್ಟಿದೆ. ಹಣಕಾಸು ಸಂಸ್ಥೆಯ ಸಾಲ ಮರುಪಾವತಿಯಲ್ಲಿ ತಪ್ಪಿದವರ ಆಸ್ತಿ ಮತ್ತು ಹೊಣೆಗಳನ್ನು ಪತ್ತೆಹಚ್ಚುವ ಸಲುವಾಗಿ ಮಾಹಿತಿಯನ್ನು ಬಳಸಿದರೆ ಈ ಹಕ್ಕುಗಳು ಅನ್ವಯಿಸವು. ಹಕ್ಕು ಯಾರಿಗೆ ಹೆಚ್ಚು ಅಗತ್ಯವೋ ಅವರ ಪಾಲಿಗೇ ಅದನ್ನು ಮೊಟಕುಗೊಳಿಸಿದ್ದು ಎಂತಹ ನ್ಯಾಯ? ಹಾಗೆಂದು ಈ ವಿನಾಯಿತಿಯು ಸಾಲಗಾರಳ ಭಾವಚಿತ್ರವನ್ನು ಬೀದಿಯವರಿಗೆಲ್ಲ ಹಂಚಲು ಪರವಾನಿಗೆಯಲ್ಲ ಎಂಬುದನ್ನೂ ಕಂಪೆನಿಗಳು ಮರೆಯಬಾರದು.

ಹಾಗಾದರೆ ಅಲ್ಲಿಯವರೆಗೆ ಕೈಕಟ್ಟಿ ಕುಳಿತಿರಬೇಕೆ? ಇಲ್ಲ. ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿದ ನಿಯಮದಂತೆ ಕಿರುಸಾಲ ಪಡೆದ ಪ್ರತಿಯೊಬ್ಬರಿಗೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಲೋನ್ ಕಾರ್ಡ್ ಕೊಡಬೇಕು. ಅದರಲ್ಲಿ ಬಡ್ಡಿಯ ವಿವರ, ಕಟ್ಟಿದ ಪ್ರತಿ ಕಂತಿನ ಸ್ವೀಕೃತಿ, ದೂರು ಸ್ವೀಕರಿಸುವ ಅಧಿಕಾರಿಯ ಹೆಸರು ಮತ್ತು ದೂರವಾಣಿ ಸಂಖ್ಯೆ ಇರಬೇಕು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡಕೂಡದು. ಬಂಧುಮಿತ್ರರನ್ನು ಪೀಡಿಸಕೂಡದು. ಮೊಬೈಲ್ ಆ್ಯಪ್ ಮೂಲಕ ಸಾಲ ಕೊಡುವವರು ಫೋನಿನಲ್ಲಿರುವ ಸಂಪರ್ಕ ಸಂಖ್ಯೆಗಳ ಪಟ್ಟಿಯನ್ನು ಮುಟ್ಟುವಂತಿಲ್ಲ. ಅಲ್ಲದೆ, ಸಾಲದ ಇತಿಹಾಸವನ್ನು ಸಂಗ್ರಹಿಸುವ ನಾಲ್ಕು ಕಂಪೆನಿಗಳು ದೇಶದಲ್ಲಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪಿದೆಯೆಂದು ದೂರಿದ 30 ದಿನಗಳೊಳಗೆ ದೂರು ಇತ್ಯರ್ಥವಾಗದಿದ್ದರೆ, ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ತನ್ನ ಹೆಸರಿನಲ್ಲಿ ಎಷ್ಟು ಸಾಲಗಳಿವೆ, ಯಾರು ಏನೆಂದು ಬರೆದಿದ್ದಾರೆ ಎಂಬುದು ಬಡವಿಗೆ ತಿಳಿಯುವುದು ಈ ವರದಿಯಿಂದಲೇ.

ಆದುದರಿಂದ ವಸೂಲಿಗಾರನೊಡನೆ ವಿವಾದ ಹುಟ್ಟಿದರೆ ಬೀದಿಯಲ್ಲಿ ವಾಗ್ವಾದ ಬೇಡ, ಒಂದು ಪತ್ರ ಸಾಕು. ಸಾಲದ ಮೂಲ ಮೊತ್ತವೆಷ್ಟು? ಬಡ್ಡಿಯೆಷ್ಟು? ಯಾವ ದಿನ ಎಷ್ಟು ಜಮೆಯಾಗಿದೆ? ಮನೆಗೆ ಬಂದವನು ಯಾರು, ಆತನಿಗೆ ಅಧಿಕಾರ ಕೊಟ್ಟವರು ಯಾರು? ನನ್ನ ವಿವರಗಳನ್ನು ಯಾರಿಗೆಲ್ಲ ಕೊಟ್ಟಿದ್ದೀರಿ? ಇಷ್ಟನ್ನು ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಶೀದಿ ಇಟ್ಟುಕೊಳ್ಳಬೇಕು. ಸಾಲ ಕೊಟ್ಟದ್ದು ಬ್ಯಾಂಕು ಅಥವಾ ದೊಡ್ಡ ಹಣಕಾಸು ಕಂಪೆನಿಯಾಗಿದ್ದು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು. ಮಾಹಿತಿ ಹಕ್ಕು ಕಾಯ್ದೆ ಬಂದ 2005ರ ನಂತರ ಹತ್ತು ರೂಪಾಯಿಯ ಅರ್ಜಿ ಹಿಡಿದು ತಾಲೂಕು ಕಚೇರಿಯನ್ನು ಪ್ರಶ್ನಿಸಲು ಕಲಿತ ಜನ, ಕಂಪೆನಿಯನ್ನು ಪ್ರಶ್ನಿಸಲೂ ಕಲಿಯಬಲ್ಲರು.

ಇದು ಸಾಲದಿಂದ ನುಣುಚಿಕೊಳ್ಳುವ ಉಪಾಯವೆಂದು ಯಾರೂ ಭಾವಿಸಬಾರದು. ಪಡೆದ ಅಸಲನ್ನು ಮರಳಿಸುವುದು ನಮ್ಮ ಹೊಣೆ. ಅದರಿಂದ ಮರಣವೂ ಬಿಡುಗಡೆ ನೀಡದೆಂದು ನಂಬಿದವರು ನಾವು. ಆದರೆ ಎಷ್ಟು ಕೊಡಬೇಕೆಂದು ತಿಳಿಯದವನು ಹೇಗೆ ತೀರಿಸಿಯಾನು?

ಕೊನೆಯದಾಗಿ ನಮ್ಮ ಜಮಾಅತ್‌ಗಳಿಗೊಂದು ಮಾತು. ಬಡ್ಡಿ ನಿಷಿದ್ಧವೆಂದು ಮಿಂಬರ್‌ನಿಂದ ಸಾರುವುದು ಸುಲಭ. ಆದರೆ ಬಡ್ಡಿಯ ಬಲೆಗೆ ಬಿದ್ದ ವಿಧವೆಗೆ ಒಂದು ಅರ್ಜಿ ಬರೆದುಕೊಡುವವರು ಮೊಹಲ್ಲಾದಲ್ಲಿ ಎಷ್ಟು ಮಂದಿಯಿದ್ದಾರೆ? ಮೊಬೈಲಿನಲ್ಲಿ ದಿನವಿಡೀ ಮುಳುಗಿರುವ ವಿದ್ಯಾವಂತ ಯುವಕರು ಶುಕ್ರವಾರದ ನಮಾಝಿನ ನಂತರ ಒಂದು ಗಂಟೆ ಮಸೀದಿಯ ಅಂಗಳದಲ್ಲಿ ಕುಳಿತು, ಯಾವ ಧರ್ಮದವರೇ ಬರಲಿ, ಅವರ ಸಾಲದ ವರದಿ ತೆಗೆದು ಓದಿ ಹೇಳಲಿ. ಸಂಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡಬೇಕೆಂಬ ದೇವಾದೇಶವನ್ನು ಕಂಪೆನಿಗಳು ಪಾಲಿಸಲಾರವು. ಲೆಕ್ಕವನ್ನಾದರೂ ಅವು ಒಪ್ಪಿಸಲೇಬೇಕು. ಕೇಳುವವರು ನಾವಾಗಬೇಕಷ್ಟೆ.