ಡ್ರೋನ್ ಬಂತು, ದುರಸ್ತಿ ಬರಲಿಲ್ಲ

ಕಳೆದ ವರ್ಷ ಆಷಾಢದ ಮಳೆ ಎರಡು ದಿನ ಬಿಡುವು ಕೊಟ್ಟಿದ್ದ ಸಮಯ. ಕಳಸದ ಸಮೀಪ ನನ್ನ ಬಂಧುಗಳೊಬ್ಬರ ಅಡಿಕೆ ತೋಟದಲ್ಲಿ ಬಾಡಿಗೆಗೆ ತರಿಸಿದ್ದ ಡ್ರೋನ್ ಬೋರ್ಡೋ ದ್ರಾವಣ ಸಿಂಪಡಿಸುತ್ತಿತ್ತು. ಮೂರನೆಯ ಸಲ ಮೇಲೆದ್ದ ಯಂತ್ರ ಮರಗಳ ತಲೆಯ ಮೇಲೆ ಒಮ್ಮೆ ಒಲೆದು, ಓರೆಯಾಗಿ, ಕೆಳಗೆ ಬಿತ್ತು. ಹತ್ತು ಮಾರು ದೂರದಲ್ಲಿ ಇಬ್ಬರು ಹೆಂಗಸರು ಸುಣ್ಣ ಕಲಸುತ್ತಿದ್ದರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಬಿಚ್ಚಿ ನೋಡಿದಾಗ, ಮೋಟಾರನ್ನು ತೋಳಿಗೆ ಬಿಗಿದಿದ್ದ ನಾಲ್ಕು ತಿರುಪುಗಳಲ್ಲಿ ಎರಡು ಇರಲೇ ಇಲ್ಲ.

ಆ ಡ್ರೋನ್ ಒಂದು ಮಹಿಳಾ ಸ್ವಸಹಾಯ ಸಂಘಕ್ಕೆ ಸೇರಿದ್ದು. 'ಹೊಸ ತೋಳು ಬರೋದಕ್ಕೆ ಮೂರು ವಾರ ಆಗ್ತದಂತೆ ಸಾರ್. ಕೊಳೆರೋಗ ಅಲ್ಲಿವರೆಗೆ ಕಾಯ್ತದಾ?' ಎಂದು ಅದನ್ನು ಹಾರಿಸುತ್ತಿದ್ದ ತಂಗಿ ಕೇಳಿದಳು. ಮೂರು ದಶಕಕ್ಕೂ ಮಿಕ್ಕಿ ಸರ್ಕಾರಿ ಸೇವೆಯಲ್ಲಿದ್ದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ತಿರುಪು ಸಡಿಲಾದದ್ದು ಕೇವಲ ಅಜಾಗರೂಕತೆಯಿಂದ ಎಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಭೌತಶಾಸ್ತ್ರದ ಸರಳ ಲೆಕ್ಕವೊಂದಿದೆ. ಡ್ರೋನಿನ ರೆಕ್ಕೆಯ ಮೇಲೆ, ನಡು ಅಚ್ಚಿನಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ, ಒಣಗಿದ ಸುಣ್ಣ ಒಂದು ಗ್ರಾಂನಷ್ಟು ಅಂಟಿಕೊಂಡಿದೆ ಎನ್ನೋಣ. ರೆಕ್ಕೆ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಆ ಒಂದು ಗ್ರಾಂ ಅಚ್ಚನ್ನು ಸುಮಾರು ಒಂದು ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆ. ಎಳೆತದ ದಿಕ್ಕು ಸೆಕೆಂಡಿಗೆ ಐವತ್ತು ಬಾರಿ ಸುತ್ತಿ ಬರುತ್ತದೆ. ಒಂದು ಗಂಟೆಗೆ 1.8 ಲಕ್ಷ ಬಾರಿ, ನೂರು ಗಂಟೆ ಹಾರಿಸಿದರೆ 1.8 ಕೋಟಿ ಬಾರಿ. ತಿರುಪು, ಬೆಸುಗೆ, ಬೇರಿಂಗ್, ತಂತಿಯ ಜೋಡಣೆ ಯಾವುದೇ ಇರಲಿ, ಒಂದೇ ಏಟಿಗೆ ಮುರಿಯದ ವಸ್ತು ಕೋಟಿ ಸಣ್ಣ ಏಟುಗಳಿಗೆ ದಣಿಯುತ್ತದೆ. ಲೋಹದ ದಣಿವು ಎಂದು ಎಂಜಿನಿಯರುಗಳು ಕರೆಯುವುದು ಇದನ್ನೇ.

ಅಪಾಯ ಇಲ್ಲಿಗೇ ನಿಲ್ಲುವುದಿಲ್ಲ. ಯಂತ್ರ ಯಾವ ಕಡೆ ವಾಲಿದೆ, ಎಷ್ಟು ವೇಗ ಪಡೆದಿದೆ ಎಂದು ತಿಳಿಸುವುದು ಅದರೊಳಗಿರುವ ವೇಗೋತ್ಕರ್ಷಮಾಪಕವೆಂಬ ಪುಟ್ಟ ಚಿಪ್ಪು. ಕಂಪನ ಹೆಚ್ಚಾದರೆ ಅದು ನಡುಕವನ್ನೇ ಚಲನೆಯೆಂದು ಭ್ರಮಿಸುತ್ತದೆ. ಹಲವು ಡ್ರೋನ್‌ಗಳಲ್ಲಿ ಬಳಕೆಯಾಗುವ ಆರ್ಡುಪೈಲಟ್ ಎಂಬ ಮುಕ್ತ ತಂತ್ರಾಂಶದ ಮಾರ್ಗದರ್ಶಿಯ ಪ್ರಕಾರ, ಕಂಪನ ಪ್ರತಿ ಸೆಕೆಂಡ್ ವರ್ಗಕ್ಕೆ 30 ಮೀಟರ್, ಅಂದರೆ ಗುರುತ್ವದ ಸುಮಾರು ಮೂರು ಪಟ್ಟು, ಇದರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 60 ಮೀರಿದರೆ ಎತ್ತರ ಮತ್ತು ಸ್ಥಾನ ಕಾಯ್ದುಕೊಳ್ಳುವುದು ಬಹುತೇಕ ಕಷ್ಟ. ಇದರ ಜೊತೆಗೆ ಅರ್ಧ ಖಾಲಿಯಾದ ತೊಟ್ಟಿಯಲ್ಲಿ ತುಳುಕುವ ದ್ರಾವಣ, ಮೈಲುತುತ್ತದಿಂದ ಹಿಡಿಯುವ ತುಕ್ಕು, ಕೊಟ್ಟಿಗೆಹಾರದಿಂದ ಕಳಸದವರೆಗೆ ಪಿಕಪ್ ವಾಹನದಲ್ಲಿ ಯಂತ್ರ ತಿನ್ನುವ ಕುಲುಕಾಟ. ಬಯಲುಸೀಮೆಯ ಭತ್ತದ ಗದ್ದೆಯಲ್ಲಿ ಬಾಳುವ ಯಂತ್ರ ಮಲೆನಾಡಿನಲ್ಲೂ ಅಷ್ಟೇ ಬಾಳುತ್ತದೆಂದು ನಂಬಲು ಕಾರಣವಿಲ್ಲ.

ದೊಡ್ಡ ವಿಮಾನಗಳ ಲೋಕ ಈ ಪಾಠವನ್ನು ರಕ್ತ ಸುರಿಸಿ ಕಲಿಯಿತು. 1959ರ ಸೆಪ್ಟೆಂಬರ್ ಮತ್ತು 1960ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಎರಡು ಲಾಕ್‌ಹೀಡ್ ಎಲೆಕ್ಟ್ರಾ ವಿಮಾನಗಳ ರೆಕ್ಕೆಗಳು ಆಕಾಶದಲ್ಲೇ ಕಳಚಿ 97 ಮಂದಿ ಸತ್ತರು. ಎಂಜಿನ್ ಕಟ್ಟಿನ ಬಿಗಿ ಸಾಲದೆ, ಪ್ರೊಪೆಲ್ಲರಿನ ತೂಗಾಟ ರೆಕ್ಕೆಗೆ ಹರಡಿ ಅದನ್ನು ಮುರಿದಿತ್ತೆಂಬುದು ತನಿಖೆಯಿಂದ ಹೊರಬಂತು. ಬಿಡಿಭಾಗಗಳ ಆಯುಷ್ಯ, ಹಾರಾಟದ ಗಂಟೆಗಳ ದಾಖಲೆ, ನಿಗದಿತ ತಪಾಸಣೆ ಇವೆಲ್ಲ ವಿಮಾನಯಾನದಲ್ಲಿ ನಿಯಮವಾಗಿ ನೆಲೆಯೂರಿದ್ದು ಇಂಥ ಅನುಭವಗಳಿಂದಲೇ. ನಮ್ಮ ಬೆಂಗಳೂರಿಗೂ ಈ ವಿದ್ಯೆ ಹೊಸದಲ್ಲ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಎರಡು ಆಸನಗಳ 'ಹನ್ಸ' 1993ರಲ್ಲಿ ಮೊದಲು ಹಾರಿತಾದರೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಮಾಣಪತ್ರ ಪಡೆದದ್ದು 2000ದಲ್ಲಿ. ನಡುವಿನ ವರ್ಷಗಳು ಪರೀಕ್ಷೆ ಮತ್ತು ತಿದ್ದುಪಡಿಗಳಿಗೆ ಸಂದವು.

ಡ್ರೋನ್ ವಿಷಯದಲ್ಲಿ ನಾವು ನಡೆದ ದಾರಿ ಬೇರೆ. 2021ರ ಮಾರ್ಚ್‌ನಲ್ಲಿ ಪ್ರಕಟವಾದ ಮೊದಲ ನಿಯಮಗಳು ಹೆಜ್ಜೆಹೆಜ್ಜೆಗೂ ಅನುಮತಿ ಕೇಳುತ್ತಿದ್ದವು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ನಮೂನೆಗಳನ್ನು 25ರಿಂದ 5ಕ್ಕೆ, ಶುಲ್ಕಗಳ ವಿಧಗಳನ್ನು 72ರಿಂದ 4ಕ್ಕೆ ಇಳಿಸಿದವು. ಪರವಾನಗಿ ರಾಜ್ಯದ ಕಡತಗಳನ್ನು ಒಳಗಿನಿಂದ ಕಂಡವನಾಗಿ ನಾನು ಅದನ್ನು ಸ್ವಾಗತಿಸಿದೆ. ಆದರೆ ರದ್ದಾದ ಪತ್ರಗಳ ಪಟ್ಟಿಯಲ್ಲಿ ನಿರ್ವಹಣಾ ಪ್ರಮಾಣಪತ್ರವೂ ಇತ್ತು. ಮಾದರಿ ಯಂತ್ರ ಹೊಸದಿದ್ದಾಗ ಪಡೆಯುವ ಪ್ರಮಾಣಪತ್ರ ಉಳಿಯಿತು; ಅದೇ ಮಾದರಿಯ ಯಂತ್ರ ತೋಟದಲ್ಲಿ ಇನ್ನೂರು ಗಂಟೆ ನಡುಗಿದ ಮೇಲೆ ಹೇಗಿದೆ ಎಂದು ಕೇಳುವ ಏರ್ಪಾಡು ಉಳಿಯಲಿಲ್ಲ. 2022ರ ಫೆಬ್ರುವರಿಯಲ್ಲಿ ಡ್ರೋನ್ ಆಮದು ನಿಷೇಧವಾಯಿತಾದರೂ ಬಿಡಿಭಾಗಗಳ ಆಮದಿಗೆ ಅಡ್ಡಿಯಿರಲಿಲ್ಲ. ಮೋಟಾರು, ನಿಯಂತ್ರಕಗಳು ಹೊರಗಿನಿಂದ ಬಂದಾಗ ಅವು ಎಷ್ಟು ಕಂಪನ ತಾಳುತ್ತವೆಂಬ ಮಾಹಿತಿ ಕಳಸದ ಬಳಕೆದಾರರನ್ನು ತಲುಪುವ ದಾರಿ ಯಾವುದು?

ಇತ್ತ 2023ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 1,261 ಕೋಟಿ ರೂಪಾಯಿಯ ನಮೋ ಡ್ರೋನ್ ದೀದಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. 15,000 ಸ್ವಸಹಾಯ ಸಂಘಗಳಿಗೆ ಡ್ರೋನ್. ವೆಚ್ಚದ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಉದ್ದೇಶ ಒಳ್ಳೆಯದು. ಮರ ಹತ್ತುವ ಕೊನೆಗಾರರು ವಿರಳವಾಗಿರುವ, ತೋಟಗಳು ಅಸ್ಸಾಮಿನ ಕಾರ್ಮಿಕರನ್ನು ನೆಚ್ಚಿಕೊಂಡಿರುವ ಮಲೆನಾಡಿಗೆ ಇಂಥ ಯಂತ್ರ ಬೇಕು. ಕಾಫಿಯಲ್ಲಿ ಅದರ ಮಿತಿಯನ್ನೂ ಒಪ್ಪಿಕೊಳ್ಳಬೇಕು: ಎಲೆತುಕ್ಕು ರೋಗ ನೆಲೆಸುವುದು ಎಲೆಯ ಅಡಿಭಾಗದಲ್ಲಿ, ನೆರಳು ಮರಗಳ ಮೇಲಿನಿಂದ ಉದುರಿದ ಹನಿ ಅಲ್ಲಿಗೆ ತಲುಪುವುದು ಸುಲಭವಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಕಲಿತ ಪಾಠವೊಂದು ಇಲ್ಲಿ ನೆನಪಾಗುತ್ತದೆ. ಕೊಳ್ಳುವುದಕ್ಕೆ ಹಣ ಕೊಟ್ಟು ಕಾಪಾಡುವುದನ್ನು ಫಲಾನುಭವಿಗೆ ಬಿಟ್ಟರೆ ಬಂಡವಾಳ ಬೇಗ ಕರಗುತ್ತದೆ. 1990ರ ದಶಕದಲ್ಲಿ ಸಹಾಯಧನದ ಪವರ್ ಸ್ಪ್ರೇಯರುಗಳು ಹತ್ತು ರೂಪಾಯಿಯ ವಾಷರ್ ಸಿಗದೆ ಕೊಟ್ಟಿಗೆಯ ಮೂಲೆ ಸೇರಿದ್ದನ್ನು ನಾನು ಕಂಡಿದ್ದೇನೆ. ಗುರಿ ತಲುಪಿದ ವರದಿಗೆ ಅಂದು ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಎಷ್ಟು ಯಂತ್ರ ಹಂಚಿದಿರಿ ಎಂಬ ಅಂಕಣ ಆ ವರದಿಯಲ್ಲಿತ್ತು. ಎಷ್ಟು ಓಡುತ್ತಿವೆ ಎಂಬುದು ಇರಲಿಲ್ಲ. ಸ್ಪ್ರೇಯರ್ ಕೆಟ್ಟರೆ ಮೂಲೆಯಲ್ಲಿ ನಿಲ್ಲುತ್ತದೆ. ಡ್ರೋನ್ ಕೆಟ್ಟರೆ ತಲೆಯ ಮೇಲೆ ಬೀಳುತ್ತದೆ.

ಮಾಡಬೇಕಾದದ್ದು ದುಬಾರಿಯದ್ದೇನಲ್ಲ. ಪ್ರತಿ ಕೃಷಿ ಡ್ರೋನಿಗೂ ಹಾರಾಟದ ಗಂಟೆಗಳ ಪುಸ್ತಕ ಇರಲಿ. ಯಾವ ಭಾಗವನ್ನು ಎಷ್ಟು ಗಂಟೆಗೆ ಬದಲಿಸಬೇಕೆಂದು ತಯಾರಕರು ಕನ್ನಡದಲ್ಲೇ ಬರೆದುಕೊಡಲಿ. ಮೂಡಿಗೆರೆಯಲ್ಲಿ ತೋಟಗಾರಿಕಾ ಕಾಲೇಜಿದೆ, ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಇವೆರಡೂ ಕೈಜೋಡಿಸಿದರೆ ರೆಕ್ಕೆಯ ಸಮತೋಲ ನೋಡುವ, ಕಂಪನ ಅಳೆಯುವ, ಬಿಡಿಭಾಗ ದಾಸ್ತಾನಿಡುವ ಒಂದು ಕೇಂದ್ರವನ್ನು ಮಳೆಗಾಲಕ್ಕೆ ಮೊದಲು ನಡೆಸಬಹುದು. ಸಹಾಯಧನದ ಒಂದು ಪಾಲನ್ನು ಖರೀದಿಯ ದಿನವೇ ಕೊಡದೆ, ಮುಂದಿನ ವರ್ಷಗಳ ತಪಾಸಣೆಗೆ ತೆಗೆದಿಡಬಹುದು. ಇದು ಪರವಾನಗಿ ರಾಜ್ಯದ ಮರುಪ್ರವೇಶವಲ್ಲ. ಲಾರಿಗೆ ಅರ್ಹತಾ ಪತ್ರ ಕೇಳುವ ನಾಡಿನಲ್ಲಿ, ಕೂಲಿಯಾಳುಗಳ ಸಮೀಪ ಇಪ್ಪತ್ತು ಕಿಲೋ ಭಾರ ಹೊತ್ತು ಹಾರುವ ಯಂತ್ರಕ್ಕೆ ಅಷ್ಟನ್ನಾದರೂ ಕೇಳುವುದು ಅತಿಯಲ್ಲ.

ಕಳಸದ ಆ ಸಂಘಕ್ಕೆ ಹೊಸ ತೋಳು ಬಂದಾಗ ಕೊಳೆರೋಗ ಅರ್ಧ ತೋಟಕ್ಕೆ ಹಬ್ಬಿಯಾಗಿತ್ತು. ಸಂಘದ ಪಾಲಿನ ಸಾಲದ ಕಂತು ಮಾತ್ರ ತಪ್ಪದೆ ತಿಂಗಳ ಮೊದಲ ವಾರವೇ ಬಂದಿತ್ತು.