ಮಾತಿನ ಪರೀಕ್ಷೆ, ಮೌನದ ಶಾಲೆ

ಇಂಗ್ಲಿಷನ್ನು ಬರೆಯಬಲ್ಲವನು ಅದನ್ನು ಆಡಲೂ ಬಲ್ಲನೆಂಬುದು ನಮ್ಮ ಶಾಲೆಗಳ ಹಳೆಯ ನಂಬಿಕೆ. ಅದನ್ನು ಒರೆಗೆ ಹಚ್ಚುವ ಸಂದರ್ಭ ಈಗ ಕುಷ್ಟಗಿಯಂಥ ತಾಲ್ಲೂಕು ಕೇಂದ್ರಗಳ ತರುಣ ತರುಣಿಯರಿಗೂ ಒದಗಿದೆ. ವಿದೇಶದಲ್ಲಿ ವಿದ್ಯೆಯನ್ನೋ ಉದ್ಯೋಗವನ್ನೋ ಬಯಸುವವರು ಐಇಎಲ್‌ಟಿಎಸ್ ಮೊದಲಾದ ಪರೀಕ್ಷೆಗಳಿಗೆ ಕೂಡಬೇಕು. ಅಲ್ಲಿ ಓದು, ಬರಹ, ಆಲಿಕೆಗಳಿಗೆ ಎಷ್ಟು ಬೆಲೆಯೋ ಮಾತಿಗೂ ಅಷ್ಟೇ ಬೆಲೆ. ಶುಲ್ಕವೇ 15,000 ರೂಪಾಯಿಗಳನ್ನು ಮೀರುತ್ತದೆ. ಮಳೆಯನ್ನು ನಂಬಿದ ಒಕ್ಕಲು ಮನೆಗೆ ಇದು ಸಣ್ಣ ಮೊತ್ತವೇನಲ್ಲ.

ಈ ಮಾತಿನ ಪರೀಕ್ಷೆ 11ರಿಂದ 14 ನಿಮಿಷಗಳದು. ಮೊದಲು ಊರು, ಮನೆ, ಓದುಗಳ ವಿಷಯವಾಗಿ ಸರಳ ಪ್ರಶ್ನೆಗಳು. ಬಳಿಕ ಒಂದು ಚೀಟಿ. ಅದರಲ್ಲಿರುವ ವಿಷಯವನ್ನು ಕುರಿತು 1 ನಿಮಿಷ ಯೋಚಿಸಿ, 1ರಿಂದ 2 ನಿಮಿಷ ತಾನೊಬ್ಬನೇ ಮಾತನಾಡಬೇಕು. ಕೊನೆಗೆ ಅದೇ ವಿಷಯದ ಮೇಲೆ ಚರ್ಚೆ. ಮಾತಿನ ಓಟ ಮತ್ತು ಸುಸಂಬದ್ಧತೆ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರ, ಈ ನಾಲ್ಕಕ್ಕೂ ಸಮಾನ ಗುಣ. ಲಂಡನ್ನಿನವರ ಧಾಟಿಯನ್ನು ಯಾರೂ ಕೇಳುವುದಿಲ್ಲ. ಕೇಳುವವರಿಗೆ ತಿಳಿದರೆ ಸಾಕು. ಅಭಿಪ್ರಾಯ ಸರಿಯೋ ತಪ್ಪೋ ಎಂಬುದಕ್ಕೂ ಗುಣವಿಲ್ಲ.

ಹಾಗಿದ್ದರೆ ನಮ್ಮ ಹುಡುಗರು ತಡವರಿಸುವುದೇಕೆ? ಇಂಗ್ಲಿಷ್ ಬಾರದೆಂಬುದು ಅರ್ಧ ಉತ್ತರ ಮಾತ್ರ. ತನ್ನ ವಿಚಾರವನ್ನು ಎರಡು ನಿಮಿಷ ಎಡೆಬಿಡದೆ ಹೇಳುವ ಅವಕಾಶ ಅವರಿಗೆ ಕನ್ನಡದಲ್ಲಿಯೂ ಸಿಕ್ಕಿಲ್ಲವೆಂಬುದು ಉಳಿದರ್ಧ. ತರಗತಿಯಲ್ಲಿ ಮಾತೆಂದರೆ ಎಲ್ಲರೂ ಕೂಡಿ ಕೂಗುವ ಒಂದು ಶಬ್ದ, ಇಲ್ಲವೆ ಬಾಯಿಪಾಠ. ಎಸ್.ಎಸ್.ಎಲ್.ಸಿ. ಸಾರ್ವಜನಿಕ ಪರೀಕ್ಷೆಯಲ್ಲಿ ಇಂಗ್ಲಿಷು ಇಂದಿಗೂ ಬರಹದ ವಿಷಯ. ಪರೀಕ್ಷೆಯಲ್ಲಿಲ್ಲದ್ದು ಪಾಠದಲ್ಲಿಯೂ ಇರುವುದಿಲ್ಲವೆಂಬುದನ್ನು ಉಪಾಧ್ಯಾಯರಿಗೆ ಹೇಳಬೇಕಾಗಿಲ್ಲ.

ಈ ನಾಡಿಗೆ ಇದರಲ್ಲಿ ಇನ್ನೊಂದು ಹಿನ್ನೆಲೆಯೂ ಉಂಟು. 1948ರವರೆಗೆ ಇದು ನಿಜಾಮರ ಸೀಮೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದುವೇ. 1956ರಲ್ಲಿ ಸೀಮೆ ಕನ್ನಡ ರಾಜ್ಯಕ್ಕೆ ಸೇರಿತು. ಆದರೆ ಮೇಲಕ್ಕೇರುವ ಏಣಿ ಮತ್ತೆ ಬೇರೊಂದು ಭಾಷೆಯದಾಯಿತು. ದೊಡ್ಡವರ ಭಾಷೆಯ ಮುಂದೆ ಕೈಕಟ್ಟಿ ನಿಲ್ಲುವ ಅಭ್ಯಾಸ ಒಂದು ತಲೆಮಾರಿನಲ್ಲಿ ಅಳಿಯುವಂಥದಲ್ಲ.

ಈ ಸಂಕೋಚವನ್ನು ಸಿದ್ಧ ಉತ್ತರಗಳಿಂದ ಮುಚ್ಚಲು ಹವಣಿಸುವುದು ವ್ಯರ್ಥ. ಉರುಹೊಡೆದ ಮಾತು ಪರೀಕ್ಷಕನ ಕಿವಿಗೆ ಬೇಗ ತಿಳಿಯುತ್ತದೆ. ಆತ ಪ್ರಶ್ನೆಯನ್ನು ತುಸು ತಿರುಗಿಸಿದರೆ ಪಾಠವೆಲ್ಲ ಕುಸಿಯುತ್ತದೆ. ಕಂಡದ್ದನ್ನು ಹೇಳುವವನಿಗೆ ಆ ಭಯವಿಲ್ಲ. ಚೀಟಿಯಲ್ಲಿ ‘ನಿಮ್ಮ ಊರಿನಲ್ಲಾದ ಒಂದು ಬದಲಾವಣೆ’ ಎಂದಿದೆಯೆನ್ನಿ. ಕುಷ್ಟಗಿಯ ವಿದ್ಯಾರ್ಥಿಗೆ ವಿಷಯಕ್ಕೇನು ಬರ? 2025ರ ಮೇ ತಿಂಗಳಲ್ಲಿ ಅವನ ಊರಿಗೆ ರೈಲು ಬಂದಿತು. ಹುಬ್ಬಳ್ಳಿಗೆ ನೇರ ಸಂಪರ್ಕವಾಯಿತು. ನಿಲ್ದಾಣಕ್ಕೆ ಯಾರು ಯಾರು ನೋಡಲು ಹೋದರು, ಮನೆಯ ಹಿರಿಯರು ಏನೆಂದರು, ಬಸ್ಸಿನ ಪ್ರಯಾಣಕ್ಕೂ ಇದಕ್ಕೂ ಏನಂತರ, ಇಷ್ಟನ್ನೇ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಲಿ. ದಾಳಿಂಬೆ ತೋಟದ ಕೆಲಸವೂ ಇಂಥದೇ ವಿಷಯ. ಕನ್ನಡದಲ್ಲಿಯೇ ಮಾತು ನಿಂತರೆ, ಕೊರತೆ ಇಂಗ್ಲಿಷಿನದಲ್ಲವೆಂದು ತಿಳಿಯಬೇಕು.

ಅಭ್ಯಾಸಕ್ಕೆ ಬೇಕಾದುದು ಒಬ್ಬ ಜೊತೆಗಾರ, ಒಂದು ಗಡಿಯಾರ, ಕೆಲವು ಚೀಟಿಗಳು. ಒಬ್ಬನು ಮಾತನಾಡಲಿ, ಮತ್ತೊಬ್ಬನು ನಡುವೆ ತಿದ್ದದೆ ಕೇಳಿ, ಕಡೆಯಲ್ಲಿ ಒಂದು ಪ್ರಶ್ನೆ ಹಾಕಲಿ. ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದಿಟ್ಟು ಮರಳಿ ಆಲಿಸಿದರೆ ತಪ್ಪು ತಾನಾಗಿಯೇ ಕಾಣುತ್ತದೆ. ಶಾಲೆಯಲ್ಲಿಯೂ ಇದು ಅಸಾಧ್ಯವಲ್ಲ: ದಿನಕ್ಕೆ ಇಬ್ಬರಂತೆ, ತಲಾ ಎರಡು ನಿಮಿಷ ಕೊಟ್ಟರೆ 60 ಮಕ್ಕಳ ತರಗತಿಗೆ 30 ದಿನ ಸಾಕು. ಅದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಅನುದಾನವೂ ಬೇಡ.

ಇದನ್ನು ಶಾಲೆ ಮಾಡದಿದ್ದರೆ ತರಬೇತಿ ಕೇಂದ್ರಗಳು ಮಾಡುತ್ತವೆ, ಹಣವುಳ್ಳವರಿಗೆ ಮಾತ್ರ. ವಿದೇಶಕ್ಕೆ ಹೋಗುವವರು ನೂರಕ್ಕೆ ಎಷ್ಟು ಮಂದಿಯೋ ಇರಲಿ. ಊರಿನಲ್ಲಿಯೇ ಉಳಿಯುವವರೂ ಒಂದು ದಿನ ಬ್ಯಾಂಕಿನಲ್ಲಿ, ತಹಶೀಲ್ದಾರರ ಕಚೇರಿಯಲ್ಲಿ, ಗ್ರಾಮಸಭೆಯಲ್ಲಿ ಎದ್ದು ನಿಂತು ತಮ್ಮ ಮಾತನ್ನು ಹೇಳಬೇಕಾದವರೇ. ಅವರಿಗೆ ಆ ಎರಡು ನಿಮಿಷಗಳನ್ನು ಕೊಡುವುದು ನಮ್ಮ ಉಪಾಧ್ಯಾಯರ ಕೈಯಲ್ಲಿದೆ.