ಪೊಲೀಸರಿಗೆ ಚೀಟಿ: ಯಾರ ನೆಮ್ಮದಿಗಾಗಿ?

ಹೆಂಡತಿಯನ್ನು ಹೊಡೆದವನ ಸುದ್ದಿಯನ್ನು ಚಿಕಿತ್ಸೆ ಮಾಡಿದ ವೈದ್ಯರೇ ಪೊಲೀಸರಿಗೆ ಮುಟ್ಟಿಸಬೇಕು, ಮುಟ್ಟಿಸದ ವೈದ್ಯರಿಗೆ ಶಿಕ್ಷೆಯಾಗಬೇಕು ಎಂಬ ಬೇಡಿಕೆ ಈಚೆಗೆ ಚೆನ್ನೈನ ನಮ್ಮ ಕನ್ನಡ ವಲಯದಲ್ಲಿಯೂ ಕೇಳಿಬರುತ್ತಿದೆ. ಸಂಘದ ಚರ್ಚಾಕೂಟವೊಂದರಲ್ಲಿ ಈ ಮಾತು ಬಂದಾಗ ಸಭೆ ಒಮ್ಮನಸ್ಸಿನಿಂದ ಕೈತಟ್ಟಿತು. ತಟ್ಟದೆ ಕುಳಿತ ಒಬ್ಬಿಬ್ಬರಲ್ಲಿ ನಾನೂ ಒಬ್ಬಳು. ಅಂದು ಸಮಯಾಭಾವದಿಂದ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಮೊದಲೇ ಒಂದು ಸ್ಪಷ್ಟೀಕರಣ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಹಿಡಿದುಕೊಂಡು, ಸಂಸಾರದ ವಿಷಯದಲ್ಲಿ ಹೊರಗಿನವರು ಬಾಯಿಹಾಕಬಾರದು ಎನ್ನುವ ಹಿರಿಯರ ಪಕ್ಷಕ್ಕೆ ದಯಮಾಡಿ ನನ್ನನ್ನು ಸೇರಿಸಬೇಡಿ. ಉಂಡು ಮಲಗಿದವಳು ಬೆಳಗ್ಗೆ ಏಳದೇ ಹೋದ ಮನೆಗಳನ್ನು ಆ ಗಾದೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ತಕರಾರು ಬೇರೆ. ಹೆಣ್ಣನ್ನು ಕೇಳದೆ ಪೊಲೀಸರಿಗೆ ಚೀಟಿ ಬರೆಯುವ ಆಸ್ಪತ್ರೆ ಅವಳ ಬಾಯನ್ನು ತೆರೆಸುವುದಿಲ್ಲ, ಮುಚ್ಚಿಸುತ್ತದೆ. ಅಷ್ಟೇ ಅಲ್ಲ, ಅವಳಿಂದಲೇ ಸುಳ್ಳು ಹೇಳಿಸಿ, ಆ ಸುಳ್ಳನ್ನು ಸರ್ಕಾರಿ ದಾಖಲೆಯಾಗಿ ಕಾಪಿಟ್ಟು, ಮುಂದೊಂದು ದಿನ ಅವಳ ವಿರುದ್ಧವೇ ಸಾಕ್ಷಿಯಾಗಿ ನಿಲ್ಲಿಸುತ್ತದೆ.

ಇಂಥ ವರದಿಯ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತನಾಡುವವರು ಸರ್ಕಾರಿ ಆಸ್ಪತ್ರೆಯ ಕ್ಯಾಷುಯಲ್ಟಿಯಲ್ಲಿ ಒಂದು ರಾತ್ರಿ ಕಳೆದು ಬರಬೇಕು. ಕರ್ನಾಟಕದಲ್ಲಿ ಎಂ.ಎಲ್.ಸಿ. ಎನ್ನುವುದನ್ನು ತಮಿಳುನಾಡಿನಲ್ಲಿ ಎ.ಆರ್. ಎನ್ನುತ್ತಾರೆ, ಅಂದರೆ ಆಕ್ಸಿಡೆಂಟ್ ರಿಜಿಸ್ಟರ್. ಯಾರೋ ಹೊಡೆದರು ಎಂದು ಗಾಯಾಳು ಹೇಳಿದರೆ, ಹೊಡೆದವರು ಯಾರು, ಏನಿನಿಂದ, ಎಷ್ಟು ಹೊತ್ತಿಗೆ ಎಂಬುದು ಆ ಪುಸ್ತಕದಲ್ಲಿ ದಾಖಲಾಗುತ್ತದೆ. ಹಿಂದೆಯೇ ಆಸ್ಪತ್ರೆಯ ಆವರಣದ ಪೊಲೀಸ್ ಔಟ್‌ಪೋಸ್ಟಿಗೆ ಚೀಟಿ ಹೋಗುತ್ತದೆ. ಸುಟ್ಟಗಾಯ, ವಿಷಪ್ರಾಶನಗಳಲ್ಲಂತೂ ಇದು ತಪ್ಪದ ಕ್ರಮ. ಖಾಸಗಿ ನರ್ಸಿಂಗ್ ಹೋಮುಗಳು ನುಣುಚಿಕೊಳ್ಳುತ್ತವೆ, ನಿಜ. ಆದರೆ ಚೀಟಿಯ ಅಭಾವವೇ ಹೆಣ್ಣಿನ ಮೇಲಿನ ಹಿಂಸೆಗೆ ಕಾರಣವೆಂದಾದರೆ, ಚೀಟಿ ತಪ್ಪದೇ ಹೋದ ಕಡೆಗಳಲ್ಲಿ ಏನಾಯಿತೆಂದು ಕೇಳುವ ಹಕ್ಕು ನನಗಿದೆ.

ಏನಾಯಿತು? 'ಸ್ಟೌ ಸಿಡಿದು' ಎಂಬ ಎರಡು ಪದಗಳನ್ನು ನೆನೆಯಿರಿ. ನನ್ನ ವಯಸ್ಸಿನ ಕನ್ನಡಿಗರು ಈ ಪದಗಳನ್ನು ಓದುತ್ತಲೇ ಬೆಳೆದವರು. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು. ಗೃಹಿಣಿ, ಇಷ್ಟು ವರ್ಷ, ಅಡುಗೆ ಮಾಡುವಾಗ ಸ್ಟೌ ಸಿಡಿದು ಸಾವು. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು 1990ರ ದಶಕದ ಉತ್ತರಾರ್ಧದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಎಡತಾಕಿ ಈ ಸಾವುಗಳ ಬೆನ್ನುಹತ್ತಿದರು; ಅತ್ತೆ ಮಾವ ಮೈದುನರು ಬಳಸಿದರೆ ಸಿಡಿಯದ ಸ್ಟೌ ಸೊಸೆ ಹಚ್ಚಿದಾಗ ಮಾತ್ರ ಏಕೆ ಸಿಡಿಯುತ್ತದೆ ಎಂಬ ಪ್ರಶ್ನೆಯನ್ನು ನಾಡಿನ ಮುಂದಿಟ್ಟರು. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಆ ಪ್ರಕರಣಗಳು ಪೊಲೀಸರಿಂದ ಮುಚ್ಚಿಟ್ಟ ಪ್ರಕರಣಗಳಾಗಿರಲಿಲ್ಲ. ಆಸ್ಪತ್ರೆ ತಿಳಿಸಿತ್ತು. ಪೊಲೀಸರು ಬಂದಿದ್ದರು. ಹೇಳಿಕೆ ಬರೆದುಕೊಂಡಿದ್ದರು. ಬರೆದುಕೊಂಡದ್ದೇನೆಂದರೆ ಸ್ಟೌ ಸಿಡಿಯಿತೆಂದು! ಮಂಚದ ಪಕ್ಕದಲ್ಲಿ ಗಂಡ, ಕಾಲಬುಡದಲ್ಲಿ ಅತ್ತೆ, ಮನೆಯಲ್ಲಿ ಎರಡು ಮಕ್ಕಳು. ಮೈಯೆಲ್ಲ ಬೆಂದ ಹೆಣ್ಣು ಬೇರೇನು ಹೇಳಿಯಾಳು?

ಚೆನ್ನೈನ ಕಥೆ ಬೇರೆಯಲ್ಲ. ಕಿಲ್ಪಾಕ್ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನ ಹೆಸರು ಕೇಳದವರು ಈ ಊರಿನಲ್ಲಿಲ್ಲ. 2001ರಲ್ಲಿ ಇಲ್ಲಿ ಆರಂಭವಾದ ಪಿ.ಸಿ.ವಿ.ಸಿ. ಎಂಬ ಸಂಸ್ಥೆ ಬೆಂಕಿಯಿಂದ ಬದುಕುಳಿದ ಹೆಂಗಸರ ನಡುವೆ ಕೆಲಸ ಮಾಡುತ್ತ ಬಂದಿದೆ. ಒಬ್ಬ ಹೆಣ್ಣಿನಿಂದ ನಿಜ ಹೊರಬರಬೇಕಾದರೆ ಅವಳ ಪಕ್ಕದಲ್ಲಿ ದಿನಗಟ್ಟಲೆ ಕೂರುವವರು ಬೇಕು. ಔಟ್‌ಪೋಸ್ಟಿನ ಕಾನ್‌ಸ್ಟೇಬಲ್ ಹತ್ತು ನಿಮಿಷದಲ್ಲಿ ಅದನ್ನು ಪಡೆಯಲಾರ.

ಇನ್ನು ಕಾನೂನಿನ ಮಾತು. ಕಡ್ಡಾಯ ವರದಿಯನ್ನು ಬಯಸುವ ಮಿತ್ರರು ದಂಡಸಂಹಿತೆಯ 498ಎ ಕಲಮನ್ನು ಮುಂದೆ ಮಾಡುತ್ತಾರೆ. 1983ರಲ್ಲಿ ಬಂದ ಈ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. ಆದರೆ ಈ ಅಪರಾಧ ಯಾವಾಗ ಸಂಜ್ಞೇಯವಾಗುತ್ತದೆ ಎಂಬುದನ್ನು ಅವರು ಓದಿದಂತಿಲ್ಲ. ನೊಂದ ಹೆಣ್ಣೇ ತಿಳಿಸಬೇಕು. ಇಲ್ಲವೇ ರಕ್ತಸಂಬಂಧ, ವಿವಾಹ, ದತ್ತಕಗಳಿಂದ ಅವಳಿಗೆ ಬಂಧುವಾದವರು ತಿಳಿಸಬೇಕು. ಅಂಥ ಬಂಧುವೇ ಇಲ್ಲದಿದ್ದರೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ವರ್ಗದ ಸರ್ಕಾರಿ ನೌಕರರು ತಿಳಿಸಬಹುದು. ಅಂದಮೇಲೆ ಮೈಲಾಪುರದ ಖಾಸಗಿ ವೈದ್ಯರೊಬ್ಬರ ವರದಿಯೊಂದನ್ನೇ ಹಿಡಿದು ಪೊಲೀಸರು ಈ ಕಲಮಿನಡಿ ಹೆಜ್ಜೆ ಇಡಲು ಬರುವುದಿಲ್ಲ. ಸಾಧಾರಣ ಪೆಟ್ಟಾದರಂತೂ ಅದು ಅಸಂಜ್ಞೇಯ, ಠಾಣೆಯಲ್ಲಿ ಸಿ.ಎಸ್.ಆರ್. ರಸೀತಿ ಕೊಟ್ಟು ಕಳಿಸುತ್ತಾರೆ. ಕೌಟುಂಬಿಕ ವಿವಾದಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ನಡೆಸಬಹುದೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿಯೂ, 498ಎ ಅಡಿ ಯಾಂತ್ರಿಕವಾಗಿ ಬಂಧಿಸಕೂಡದೆಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆ ತೀರ್ಪುಗಳ ಗುಣದೋಷ ಬೇರೆ ವಿಷಯ. ಇವೆಲ್ಲದರ ಒಟ್ಟು ಫಲವೇನೆಂದರೆ, ವೈದ್ಯರ ಚೀಟಿಯಿಂದ ಠಾಣೆಗೆ ಕರೆಸಲ್ಪಟ್ಟ ಗಂಡ ಬಹುಮಟ್ಟಿಗೆ ಅದೇ ಸಂಜೆ ಮನೆಗೆ ಹಿಂತಿರುಗುತ್ತಾನೆ. ಹೆಂಡತಿಯೂ ಅದೇ ಮನೆಗೆ ಹಿಂತಿರುಗುತ್ತಾಳೆ. ಕೈತಟ್ಟಿದ ಸಭಿಕರು ಆ ರಾತ್ರಿ ಅಲ್ಲಿರುವುದಿಲ್ಲ.

ನಮ್ಮಂಥ ಹೊರನಾಡಿಗರಿಗೆ ಈ ಸಮಸ್ಯೆಯ ಇನ್ನೊಂದು ಮುಖವಿದೆ. ನಾನು ಹಲವು ವರ್ಷಗಳಿಂದ ಕನ್ನಡದ ಹೆಣ್ಣುಮಕ್ಕಳಿಗೆ ಆಸ್ಪತ್ರೆಗಳಲ್ಲಿ ದುಭಾಷಿಯಾಗಿ ಹೋಗುತ್ತಿದ್ದೇನೆ. ಮದುವೆಯಾಗಿ ಒಂದೂವರೆ ವರ್ಷಕ್ಕೆ ಹುಬ್ಬು ಒಡೆದುಕೊಂಡು ಬಂದ ಮಲೆನಾಡಿನ ಹುಡುಗಿಯೊಬ್ಬಳು. ಆಸ್ಪತ್ರೆಯ ಹೆಸರು ಬೇಡ. ಅವಳಿಗೆ ತಮಿಳು ಬಾರದು, ತರಕಾರಿಯ ಬೆಲೆ ಕೇಳುವಷ್ಟೂ ಬಾರದು. ಹೇಗಾಯಿತೆಂದು ವೈದ್ಯೆ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು ತಮಿಳಿನಲ್ಲಿ ಉತ್ತರ ಕೊಟ್ಟಳು: ವಳುಕ್ಕಿ ವಿಳುಂದುಟ್ಟೇನ್. ಜಾರಿಬಿದ್ದೆ ಎಂದು. ಆ ಒಂದು ವಾಕ್ಯವನ್ನು ತಪ್ಪಿಲ್ಲದೆ ಯಾರೋ ಕಲಿಸಿದ್ದರು. ಗಂಡ ಔಷಧಿ ತರಲು ಹೊರಗೆ ಹೋದಾಗ ವೈದ್ಯೆ ನನ್ನ ಮೂಲಕ ಮತ್ತೆ ಕೇಳಿದರು. ಒಳ್ಳೆಯ ಹೆಣ್ಣುಮಗಳು, ಗಾಯ ನೋಡಿದೊಡನೆ ಅವರಿಗೆ ಅರ್ಥವಾಗಿತ್ತು. ಗಂಡನ ಹೆಸರು ಹೇಳಿದರೆ ಔಟ್‌ಪೋಸ್ಟಿಗೆ ತಿಳಿಸಬೇಕಾಗುತ್ತದೆಂಬುದನ್ನೂ ಪ್ರಾಮಾಣಿಕವಾಗಿ ಹೇಳಿದರು. "ಅಕ್ಕಾ, ಪೊಲೀಸ್ನೋರು ಮನೆಗೆ ಬರ್ತಾರಾ?" ಎಂದು ಹುಡುಗಿ ಕೇಳಿದಳು. ಬರಬಹುದು ಎಂದೆ. "ಹಂಗಾರೆ ಬಿದ್ದೆ ಅಂತ್ಲೇ ಇರ್ಲಿ."

ಎರಡು ವರ್ಷಗಳ ಮೇಲೆ ಅವಳು ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿಕೊಂಡಾಗ ಗಂಡನ ವಕೀಲರು ಮೊದಲು ಹಾಜರುಪಡಿಸಿದ ಕಾಗದ ಆ ಎ.ಆರ್. ಪ್ರತಿ. ನೀವೇ ಜಾರಿಬಿದ್ದೆ ಎಂದಿದ್ದೀರಲ್ಲ ಎಂಬ ಒಂದು ಪ್ರಶ್ನೆಯ ಸುತ್ತಲೇ ಅವಳ ಪಾಟೀಸವಾಲು ಮುಗಿಯಿತು. ಚೀಟಿಯ ಭಯವಿಲ್ಲದಿದ್ದರೆ ಅದೇ ಪುಸ್ತಕದಲ್ಲಿ, ಅದೇ ವೈದ್ಯೆಯ ಕೈಬರಹದಲ್ಲಿ, ಗಂಡ ಹೊಡೆದನೆಂಬ ಸಾಲು ಇರುತ್ತಿತ್ತು.

ಇದು ಒಬ್ಬಳ ದುರ್ದೈವವೆಂದು ತಳ್ಳಿಹಾಕುವಂತಿಲ್ಲ. ತವರಿನ ಬಗ್ಗೆ ಎದೆಯುಬ್ಬಿಸಿ ಮಾತನಾಡುವ ನಾವು ಒಂದು ಅಂಕಿಯನ್ನು ನುಂಗಿಕೊಳ್ಳಬೇಕಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 18ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ಗಂಡನ ಹಿಂಸೆಯನ್ನು ಅನುಭವಿಸಿದವರು ದೇಶದಲ್ಲಿ ಶೇಕಡಾ 29.3, ತಮಿಳುನಾಡಿನಲ್ಲಿ 38.1, ಕರ್ನಾಟಕದಲ್ಲಿ 44.4. ರಾಜ್ಯಗಳ ಪೈಕಿ ಈ ವಿಷಯದಲ್ಲಿ ನಮ್ಮ ನಾಡೇ ಮೊದಲು. ಹಿಂಸೆಗೊಳಗಾದವರಲ್ಲಿ ನೆರವು ಕೇಳಿದವರು ದೇಶದಾದ್ಯಂತ ನೂರಕ್ಕೆ ಹದಿನಾಲ್ಕು ಮಂದಿ. ಕೇಳಿದವರೂ ಹೆಚ್ಚಾಗಿ ತವರಿನವರನ್ನೇ ಕೇಳಿದ್ದಾರೆ. ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ತವರಿರುವ ಹೆಣ್ಣು ರಾಯಪೇಟೆಯ ಬಾಡಿಗೆ ಮನೆಯಲ್ಲಿ ಯಾರನ್ನು ಕೇಳಬೇಕು? ಅವಳು ಹೊಸಿಲು ದಾಟಿ ಒಬ್ಬಳೇ ಹೋಗಬಹುದಾದ ಜಾಗ ಬಹುಶಃ ಆಸ್ಪತ್ರೆಯೊಂದೇ: ಬಸುರಿನ ತಪಾಸಣೆಗೆ, ಮಗುವಿನ ಲಸಿಕೆಗೆ. ಅದನ್ನೂ ಠಾಣೆಯ ಹೊರಬಾಗಿಲನ್ನಾಗಿ ಮಾಡಿದರೆ ಆ ಜಾಗವೂ ಹೋಯಿತು. ಹೊಡೆದವನೇ ಅವಳನ್ನು ಅಲ್ಲಿಗೆ ಕಳಿಸುವುದನ್ನು ನಿಲ್ಲಿಸುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2013ರ ತನ್ನ ಮಾರ್ಗಸೂಚಿಯಲ್ಲಿ, ಸಂಗಾತಿಯ ಹಿಂಸೆಯನ್ನು ಆರೋಗ್ಯ ಸಿಬ್ಬಂದಿ ಕಡ್ಡಾಯವಾಗಿ ಪೊಲೀಸರಿಗೆ ವರದಿ ಮಾಡುವ ಕ್ರಮವನ್ನು ಶಿಫಾರಸು ಮಾಡಲಾಗದೆಂದು ಹೇಳಿ, ಹೆಣ್ಣು ಬಯಸಿದರೆ ಮಾತ್ರ ವರದಿಗೆ ನೆರವಾಗಬೇಕೆಂದಿತು. 1990ರ ದಶಕದಿಂದ ಇಂಥ ಕಡ್ಡಾಯವನ್ನು ಹೊತ್ತಿರುವ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಸಡಿಲಿಸುವ ವಿಧೇಯಕಗಳು 2022ರಲ್ಲಿಯೂ 2023ರಲ್ಲಿಯೂ ಬಂದವು. ಅವುಗಳ ಬೆನ್ನಿಗಿದ್ದವರು ಹೆಂಡತಿಯನ್ನು ಹೊಡೆಯುವವರಲ್ಲ, ಹೆಣ್ಣಿನ ಪರ ದುಡಿಯುವ ಸಂಘಟನೆಗಳು.

ಗಾಯ ಕಂಡೂ ಸುಮ್ಮನಿರುವ ವೈದ್ಯ ಪಾಪದಲ್ಲಿ ಪಾಲುದಾರನಲ್ಲವೇ, ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯಿದೆ ವರದಿಯನ್ನು ಕಡ್ಡಾಯ ಮಾಡಿಲ್ಲವೇ ಎಂದು ಕೇಳಿದವರಿದ್ದಾರೆ. ಮಾಡಿದೆ, ಸರಿಯಾಗಿಯೇ ಮಾಡಿದೆ. ಆದರೆ ಮೂವತ್ತು ವರ್ಷದ ಹೆಂಗಸು ಮಗುವಲ್ಲ. ಅವಳ ಪರವಾಗಿ ನಿರ್ಧರಿಸಲು ಇದುವರೆಗೆ ಅಪ್ಪ, ಅಣ್ಣ, ಗಂಡ ಇದ್ದರು; ಈಗ ಆ ಸಾಲಿಗೆ ಡ್ಯೂಟಿ ಡಾಕ್ಟರನ್ನೂ ಸೇರಿಸುವುದು ಸ್ತ್ರೀವಿಮೋಚನೆಯೆಂದು ನನಗೆ ತೋರುವುದಿಲ್ಲ. ಅತ್ಯಾಚಾರದ ಪ್ರಕರಣಗಳಲ್ಲಿ 2013ರ ತಿದ್ದುಪಡಿ ಆಸ್ಪತ್ರೆಗಳಿಗೆ ವರದಿಯನ್ನು ಕಡ್ಡಾಯ ಮಾಡಿದ ಮೇಲೂ, ಮರುವರ್ಷ ಕೇಂದ್ರ ಆರೋಗ್ಯ ಇಲಾಖೆ ಹೊರಡಿಸಿದ ಮಾರ್ಗಸೂಚಿ ಪೊಲೀಸರ ಬಳಿ ಹೋಗಲು ಬಯಸದವಳ ನಿರಾಕರಣೆಯನ್ನು ದಾಖಲಿಸಿಕೊಳ್ಳಬೇಕೆಂದಿತು. ಜೀವಕ್ಕೇ ಅಪಾಯವಿದ್ದಾಗ, ಪ್ರಜ್ಞೆಯಿಲ್ಲದೆ ಬಂದಾಗ, ಮಗುವಿಗೂ ಪೆಟ್ಟಾದಾಗ ತಿಳಿಸಲಿ. ಅದಕ್ಕೆ ನನ್ನ ವಿರೋಧವಿಲ್ಲ.

ಹಾಗೆಂದು ವೈದ್ಯರು ಕೈಕಟ್ಟಿ ಕೂರಬೇಕೆಂದೇನೂ ಅಲ್ಲ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ನಿಯಮಗಳಲ್ಲಿ 17ನೆಯದೊಂದಿದೆ. ಯಾವ ವರದಿಯೂ ಇಲ್ಲವೆಂದು ಚಿಕಿತ್ಸೆ ನಿರಾಕರಿಸಕೂಡದು. ಆಸ್ಪತ್ರೆಯ ಮುಖ್ಯಸ್ಥರು ತಾವೇ ನಮೂನೆ ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ವೈದ್ಯಕೀಯ ವರದಿಯ ಪ್ರತಿಯನ್ನು ಹೆಣ್ಣಿಗೆ ಉಚಿತವಾಗಿ ಕೊಡಬೇಕು. ಇಲ್ಲಿ ಕಾಗದ ಹೋಗುವುದು ಠಾಣೆಗಲ್ಲ, ಅವಳಿಗೆ ವಸತಿ, ಜೀವನಾಂಶ, ರಕ್ಷಣೆಯ ಆದೇಶ ಕೊಡಿಸಬೇಕಾದ ಅಧಿಕಾರಿಗೆ. ನಾನು ಓಡಾಡಿದ ಆಸ್ಪತ್ರೆಗಳಲ್ಲಿ ಒಂದರಲ್ಲಿಯೂ ಆ ನಮೂನೆಯನ್ನು ಕಂಡಿಲ್ಲ. ಮುಂಬಯಿ ಮಹಾನಗರಪಾಲಿಕೆ ಮತ್ತು ಸೆಹತ್ ಸಂಸ್ಥೆ ಸೇರಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000-01ರ ಸುಮಾರಿಗೆ ತೆರೆದ 'ದಿಲಾಸಾ' ಕೇಂದ್ರ, ಆಸ್ಪತ್ರೆಯೊಳಗೇ ಹೆಣ್ಣನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳುವುದು, ಕೇಳಿದ್ದನ್ನು ಬರೆಯುವುದು, ಮುಂದಿನ ದಾರಿಗಳನ್ನು ಅವಳ ಮುಂದಿಟ್ಟು ಆಯ್ಕೆಯನ್ನು ಅವಳಿಗೇ ಬಿಡುವುದು ಸಾಧ್ಯವೆಂದು ತೋರಿಸಿತು. ಮುಂಬಯಿಯ ನಮ್ಮ ಓದುಗರು ಒಮ್ಮೆ ಹೋಗಿ ನೋಡಬೇಕು.

ಚೀಟಿಗೆ ಕೈತಟ್ಟುವುದು ಸುಲಭ, ಏಕೆಂದರೆ ಚೀಟಿ ಹೋದಮೇಲೆ ನಮಗೆ ಕೆಲಸವಿರುವುದಿಲ್ಲ. ನಮ್ಮ ಸಂಘವಾದರೂ ಇಂಥ ಮನೆಯ ಸುದ್ದಿ ಕಿವಿಗೆ ಬಿದ್ದಾಗ ಏನು ಮಾಡುತ್ತ ಬಂದಿದೆ? ಇಬ್ಬರು ಹಿರಿಯರನ್ನು ಕಳಿಸಿ, ಕಾಫಿ ಕುಡಿದು, 'ಹೊಂದಿಕೊಂಡು ಹೋಗಮ್ಮ' ಎಂದು ಹೇಳಿಸಿದೆ. ಪರಊರಿನಲ್ಲಿ ಕನ್ನಡಿಗರ ಮಾನ ಹೋಗಬಾರದೆಂಬ ಚಿಂತೆ ಅವರದು. ಹೊಡೆದವನಿಂದ ಹೋಗದ ಮಾನ ಹೊಡೆತ ತಿಂದವಳಿಂದ ಹೋಗುತ್ತದೆಂಬ ಈ ಲೆಕ್ಕಾಚಾರ ನನಗೆ ಇಂದಿಗೂ ತಿಳಿದಿಲ್ಲ.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ನಾನು ಕೊಟ್ಟಿರುವ ಠರಾವು ಚಿಕ್ಕದು. ಕಿಲ್ಪಾಕ್, ಸ್ಟಾನ್ಲಿ, ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆಗಳ ಡೀನರಿಗೆ ಸಂಘದಿಂದ ಪತ್ರ ಹೋಗಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಕರೆದರೂ ಬರಬಲ್ಲ, ಕನ್ನಡ ತಮಿಳು ಎರಡೂ ಬಲ್ಲ ಹೆಂಗಸರ ಹೆಸರು, ದೂರವಾಣಿ ಅದರ ಜೊತೆಗಿರಬೇಕು. ಗಂಡನಾಗಲಿ ಅತ್ತೆಯಾಗಲಿ ದುಭಾಷಿಯಾಗಕೂಡದೆಂಬ ವಿನಂತಿಯೂ ಆ ಪತ್ರದಲ್ಲಿರಬೇಕು. 17ನೆಯ ನಿಯಮದ ಕನ್ನಡ ಪಾಠ ಮತ್ತು ಮಹಿಳಾ ಸಹಾಯವಾಣಿ 181 ಸಂಘದ ವಾರ್ಷಿಕ ಪಂಚಾಂಗದ ಹಿಂಬದಿಯಲ್ಲಿ ಅಚ್ಚಾಗಬೇಕು. ಈ ಸಲ ಆ ಜಾಗದಲ್ಲಿ ಹೋಟೆಲಿನ ಜಾಹೀರಾತಿತ್ತು. ದುಭಾಷಿಯರ ಪಟ್ಟಿಯಲ್ಲಿ ಸದ್ಯಕ್ಕೆ ನನ್ನದೂ ಸೇರಿ ನಾಲ್ಕು ಹೆಸರುಗಳಿವೆ. ಉತ್ತರ ಚೆನ್ನೈ ಕಡೆಯಿಂದ ಯಾರೂ ಬಂದಿಲ್ಲ.